ಬಾಗಿಲಲ್ಲಿ ಅರ್ಧ ಬಿಟ್ಟ ಮಾತು

ಕ್ರಿ.ಶ. ೨೨೮೭, ಪುಷ್ಯ ಮಾಸ, ಸೂರ್ಯ ಹುಟ್ಟದ ಹನ್ನೊಂದನೆಯ ದಿನ

ಇನ್ನೂರಾ ಅರವತ್ತು ವರ್ಷ ಹಿಂದಿನ ನನ್ನ ಹಿರಿಯರಿಗೆ, ಬಳ್ಳಾರಿಯ ನೆರಳಂಗಡಿ ಹುಲಿಗೆಮ್ಮ ಮಾಡುವ ನಮಸ್ಕಾರ.

ಮೊದಲು ಖರ್ಚು ಹೇಳಿಬಿಡುತ್ತೇನೆ, ಭಯದ ಮಾತು ಆಮೇಲೆ. ಮೂವರ ಪ್ರಯಾಣಕ್ಕೆ ಆರು ಸಾವಿರ ನೆರಳುಚೀಟಿ. ಬಾಡಿಗೆಯ ಉಣ್ಣೆಬಟ್ಟೆಗೆ ಎಂಟುನೂರು. ಹಿಮ ಮುಟ್ಟುವ ಪರವಾನಗಿಗೆ ತಲಾ ನೂರು, ಮುಟ್ಟದಿದ್ದರೂ ವಾಪಸಿಲ್ಲ. ನನ್ನ ಪದಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ನೆರಳುಚೀಟಿ ಎಂದರೆ ಒಂದು ಗಂಟೆ ನೆರಳಲ್ಲಿ ಕೂರುವ ಹಕ್ಕು, ನಮ್ಮ ಕಾಲದ ನಾಣ್ಯ. ಹರಿದ ಕೊಡೆಯೊಂದನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಬಿಟ್ಟು ಶುರುಮಾಡಿದವಳು ನಾನು. ಈಗ ನಾಲ್ಕು ಬೀದಿಯ ನೆರಳು ನನ್ನದು. ಆ ಜಂಬಕ್ಕೇ ಗಂಡನನ್ನೂ ಅತ್ತೆ ಗಾಳೆಮ್ಮನವರನ್ನೂ ಕರೆದುಕೊಂಡು, ಭೂಮಿಯಲ್ಲಿ ಹಿಮ ಉಳಿದಿರುವ ಈ ಒಂದೇ ಉತ್ತರದ ಕಣಿವೆಗೆ ರಜೆ ಕಳೆಯಲು ಬಂದೆ.

ಇಲ್ಲಿ ಚಳಿಗಾಲದಲ್ಲಿ ನಡುಮಧ್ಯಾಹ್ನವೂ ಕತ್ತಲೆ. ನಾವು ಇಳಿದುಕೊಂಡ ಛತ್ರದ ಬಾಗಿಲಲ್ಲಿ ಒಂದು ಬಾಗಿಲಗಿಣಿ ಇದೆ. ಹೆಸರು ಗಿಣಿಯದು, ವಸ್ತು ಯಂತ್ರ. ಹೊಸ್ತಿಲಲ್ಲಿ ನಾವಾಡುವ ಮಾತು ಕೇಳಿ, ಯಾರು ಒಳಗೆ, ಯಾರು ಹೊರಗೆ ಎಂದು ಬರೆದುಕೊಳ್ಳುತ್ತದೆ. ಹಿಮಗಾಳಿ ಎದ್ದಾಗ ಹೊರಗೆ ಯಾರಾದರೂ ಉಳಿದಿದ್ದರೆ ಗಂಟೆ ಹೊಡೆಯುತ್ತದೆ. ಆಗ ಹುಡುಕುಬಂಡಿ ಹೊರಡುತ್ತದೆ. ಕನ್ನಡದಲ್ಲಿ ಅದು ಕಲಿತದ್ದು ಎರಡೇ ಕ್ರಿಯಾಪದ, ಬರುವುದು ಮತ್ತು ಹೋಗುವುದು. ಇಷ್ಟು ದಿನ ತಲೆ ಎಣಿಸಲು ಜೊತೆಗೊಬ್ಬ ದಾರಿತೋರುಗ ಇರುತ್ತಿದ್ದ, ನಮಗೆ ಅದರ ಗೊಡವೆ ಬೇಕಿರಲಿಲ್ಲ.

ನಿನ್ನೆ ಮಧ್ಯಾಹ್ನ ಅತ್ತೆಗೆ ಆಗತಾನೇ ಬಿದ್ದ ಹಿಮವನ್ನು ನಾಲಿಗೆಯ ಮೇಲಿಟ್ಟುಕೊಳ್ಳುವ ಆಸೆಯಾಯಿತು. ಅವರ ಮಗ, ನನ್ನ ಗಂಡ ಪಂಪಾಪತಿ, ಬೋಗುಣಿ ಹಿಡಿದು ಒಬ್ಬರೇ ಎದ್ದರು. ನಮ್ಮವರು ಯಾರಾದರೂ ಹೊರಡುವಾಗ "ಹೋಗ್ತೀನಿ" ಎನ್ನುತ್ತಾರೆಯೇ? ನೀವೇ ಕಲಿಸಿದಂತೆ ಹೊಸ್ತಿಲಲ್ಲಿ ನಿಂತು, "ಬರ್ತೀನವ್ವ" ಅಂದರು.

ಗಿಣಿ ಬರೆದುಕೊಂಡಿತು: ಪಂಪಾಪತಿ ಬಂದರು.

ಕಾಲು ಗಂಟೆಯಲ್ಲಿ ಗಾಳಿ ಎದ್ದಿತು. ಕಿಟಕಿಯಾಚೆ ಲೋಕವೇ ಇಲ್ಲದಂತಾಯಿತು. ಗಂಟೆ ಹೊಡೆಯಲಿಲ್ಲ. ಛತ್ರದ ಒಡತಿ ಮಾರಿತ್ ಗಿಣಿ ಬರೆದ ಪುಸ್ತಕ ತೋರಿಸಿದಳು: ನಿಮ್ಮವರು ಒಳಗೇ ಇದ್ದಾರೆ, ಹುಡುಕಿಕೊಳ್ಳಿ. ಅವಳದೂ ತಪ್ಪಲ್ಲ, ಬಂಡಿಯಲ್ಲಿ ಹೋಗುವ ಇಬ್ಬರದೂ ಜೀವವೇ. ಪುಸ್ತಕ ತಿದ್ದಬೇಕಾದರೆ ಮನೆಯವರೇ ಗಿಣಿಗೆ ಹೇಳಬೇಕಂತೆ. ನಾನು ಹೊರಗಿದ್ದಾರೆ ಅಂದೆ, ಕಾಣ್ತಿಲ್ಲ ಅಂದೆ, ಕಾಪಾಡು ಅಂದೆ. ಗಿಣಿ ಪ್ರತಿ ಸಲವೂ ಅದೇ ಕೇಳಿತು:

"ಪಂಪಾಪತಿ ಬಂದರೋ, ಹೋದರೋ?"

ಗಂಡ ಹೋದರು ಎಂದು ಯಾವ ಹೆಂಡತಿ ಯಾವಾಗ ಹೇಳುತ್ತಾಳೆ ಎಂಬುದು ನಿಮಗೆ ಗೊತ್ತು. ಅತ್ತೆ ನನ್ನ ಬಾಯಿಗೆ ಕೈ ಅಡ್ಡ ಇಟ್ಟರು. "ಆ ಮಾತು ಅನ್ನಬ್ಯಾಡವ್ವ. ನಿನ್ನ ಬಾಯಾಗಿಂದ ಬ್ಯಾಡ." ವ್ಯಾಪಾರದಲ್ಲಿ ಎಂತೆಂಥ ಸುಳ್ಳನ್ನು ನಗುನಗುತ್ತ ಹೇಳಿದ ನಾಲಿಗೆ ನನ್ನದು. ಒಂದು ನಿಜಕ್ಕೆ ಅಂಗುಳಕ್ಕೆ ಅಂಟಿಕೊಂಡಿತು. ಹೇಳಿದರೆ ಮಾತು ನಿಜವಾದೀತು. ಹೇಳದಿದ್ದರೆ ಖಂಡಿತ ನಿಜವಾಗುತ್ತದೆ. ಅತ್ತೆಯ ಕೈ ಸರಿಸಿದೆ.

"ಹೋದ್ರು," ಅಂದೆ.

ಗಂಟೆ ಹೊಡೆಯಿತು. ಹುಡುಕುಬಂಡಿ ಹೊರಟಿತು. ಒಂದೂವರೆ ಗಂಟೆಯ ಮೇಲೆ ಗಂಡನನ್ನು ಹೊತ್ತು ತಂದಿತು. ಸಿಕ್ಕಿದ್ದು ಬಾಗಿಲಿಂದ ಬರೀ ನಲವತ್ತು ಹೆಜ್ಜೆ ದೂರದಲ್ಲಿ, ಹಿಮದೊಳಗೆ ಕೂತು, ಬಾಗಿಲಿಗೆ ಬೆನ್ನು ಮಾಡಿಕೊಂಡು.

ಹಿರಿಯರೇ, ನಿಮ್ಮಲ್ಲಿ ಒಂದೇ ಬೇಡಿಕೆ. ಮಕ್ಕಳಿಗೆ "ಹೋಗಿ ಬರ್ತೀನಿ" ಎಂದು ಪೂರ್ತಿ ಹೇಳಲು ಕಲಿಸಿ. ಹೋಗುವುದನ್ನು ಬಾಯಲ್ಲಿ ಮುಚ್ಚಿಟ್ಟರೆ ಹೋಗುವುದು ತಪ್ಪುವುದಿಲ್ಲ. ಹುಡುಕುವವರ ದಾರಿ ಮಾತ್ರ ತಪ್ಪುತ್ತದೆ.

ಯಾರಿಗೆ ಏನು ಸಿಕ್ಕಿತು ಎಂದರೆ: ಗಂಡನಿಗೆ ಜೀವ, ಎಂಟು ಕಾಲ್ಬೆರಳು. ಅತ್ತೆಗೆ ಮಗ. ಮಾರಿತ್‌ಗೆ ಹೊಸ್ತಿಲಲ್ಲಿ ಮಾತಿನ ಜೊತೆ ಮುಖವನ್ನೂ ನೋಡಬೇಕೆಂಬ ಬುದ್ಧಿ. ನನಗೆ, ಅವರು ಪಕ್ಕದ ಕೋಣೆಗೆ ಎದ್ದು ಹೋದರೂ ಶುರುವಾಗುವ ಈ ನಡುಕ.