ಮುಹೂರ್ತಕ್ಕೆ ಎದ್ದು ಬಂದ ರೇಷ್ಮೆ ಚಿಟ್ಟೆಗಳು

ಚಿಕ್ಕಪ್ಪಾ,

ನಿನ್ನ ರತ್ನಿಯ ನಮಸ್ಕಾರ. ನೀನು ಹೋಗಿ ಇಷ್ಟು ವರ್ಷ ಆದಮೇಲೆ ಇವಳಿಗೇನು ಕಾಗದ ಬರೆಯೋ ಹುಚ್ಚು ಅಂತ ನಗಬೇಡ. ನಿನಗೊಂದು ಮಾತು ಹೇಳೋದು ಉಳಿದುಬಿಟ್ಟಿದೆ. ಅದಕ್ಕೆ ಮುಂಚೆ ಜಯಕ್ಕನ ಮದುವೇನ ನಿನ್ನ ಪಕ್ಕದಲ್ಲಿ ಕೂತು ಇನ್ನೊಂದು ಸಲ ನೋಡೋ ಆಸೆ.

ಚಿಂತಾಮಣಿಯ ಪ್ರೆಸ್ಸಿಗೆ ನನ್ನ ಕರಕೊಂಡು ಹೋಗಿದ್ದೆಯಲ್ಲ, ನೆನಪಿದೆಯಾ? ಆಗ ನನಗೆ ಹದಿನಾರು. ಅಪ್ಪ ಇಲ್ಲದ ಮನೆಯಲ್ಲಿ ಮದುವೆಯ ಯಜಮಾನಿಕೆ ನಿನ್ನದೇ. ಪ್ರೆಸ್ಸಿನವರು ಮೂರು ಲಗ್ನಪತ್ರಿಕೆ ಮುಂದಿಟ್ಟರು. ಮೂರರಲ್ಲೂ ಅದೇ ಗಣಪತಿ, ಅದೇ ಬಾಳೆಕಂಬ, ಅದೇ ಜೋಡಿ ಗಿಳಿ. ನೀನು ತಿರುವಿ ನೋಡಿ, "ಸ್ವಾಮೀ, ಇದು ಯಾರ ಮನೆ ಮದುವೆ ಅಂತ ಹೆಸರು ಓದೋವರೆಗೂ ತಿಳಿಯಲ್ಲವಲ್ಲ" ಅಂದೆ.

"ಹೆಸರು ಓದೋಕೇ ತಾನೇ ಅಚ್ಚು ಹಾಕೋದು?"

"ನಮ್ಮದು ಹುಳ ಸಾಕೋ ಮನೆ. ಪತ್ರಿಕೆ ಕೈಗೆ ತಗೊಂಡ ತಕ್ಷಣ ಮೇಲೂರಿನ ಹುಳದ ಮನೆ ವಾಸನೆ ಬರಬೇಕು."

"ಹುಳದ ಮನೆ ವಾಸನೆ ಬಂದ್ರೆ ಮದುವೆಗೆ ಒಬ್ಬರೂ ಬರಲ್ಲ ಯಜಮಾನ್ರೇ!"

ಹುಳ ಗೂಡು ಕಟ್ಟೋಕೆ ಬಿಡುವ ಬಿದಿರಿನ ಚಂದ್ರಿಕೆಯಲ್ಲಿ ದಬ್ಬೆ ಸುತ್ತಿ ಸುತ್ತಿ ನಡುವಿಗೆ ಹೋಗುತ್ತಲ್ಲ, ಅಕ್ಷರಗಳೂ ಹಾಗೇ ಸುತ್ತಬೇಕು ಅಂದೆ ನಾನು. ಅಚ್ಚಿನ ಮೊಳೆ ನೆಟ್ಟಗೆ ನಿಲ್ಲುತ್ತೆ, ಸುತ್ತು ಹೊಡೆಯಲ್ಲ ಅಂದರು. ಕೊನೆಗೆ ಒಂದು ಮಗ್ಗುಲು ಅಚ್ಚಾಯಿತು, ಇನ್ನೊಂದು ಮಗ್ಗುಲು ನನ್ನ ಕೈಗೆ ಬಂತು. ಸ್ಕೂಲು ಬಿಟ್ಟು ಎಷ್ಟೋ ವರ್ಷವಾಗಿದ್ದ ಹುಡುಗಿಗೆ ಇನ್ನೂರು ಪತ್ರಿಕೆ ಬರೆಯೋ ಧೈರ್ಯ ಎಲ್ಲಿಂದ ಬಂತು ಹೇಳು? "ಬರಿ ಕಣಮ್ಮ, ತಪ್ಪಾದ್ರೆ ಅದೂ ನಮ್ಮ ಮನೇದೇ ತಪ್ಪು" ಅಂತ ನೀನು ಶಾಯಿ ಬಾಟಲಿ ಹಿಡಿದು ಪಕ್ಕದಲ್ಲೇ ಕೂತಿದ್ದೆ. ಜಗಲಿ ತುಂಬ ಪತ್ರಿಕೆ ಹರಡಿ ಮೂರು ದಿನ ಬರೆದೆ. ಪುರೋಹಿತರು ಒಂದನ್ನ ಕೈಗೆ ತಗೊಂಡು, ಅದನ್ನ ತಿರುಗಿಸೋ ಬದಲು ತಾವೇ ಸುತ್ತ ತಿರುಗಿ, "ವರನ ಹೆಸರು ಸಿಗೋ ಹೊತ್ತಿಗೆ ನಂದೊಂದು ಪ್ರದಕ್ಷಿಣೆ ಆಯ್ತಲ್ಲಮ್ಮ" ಅಂದಾಗ ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದೇ ನಕ್ಕಿದ್ದು. ತಾಂಬೂಲದ ಚೀಲದ ಮೇಲೂ ಅದೇ ಸುತ್ತು ಬರೆದೆ, ಎಲೆ ಹಾಕೋ ಕಡೆ ತೂಗುಹಾಕಿದ ಹಲಗೆ ಮೇಲೂ ಅದೇ.

ಚಪ್ಪರಕ್ಕೂ ಗೂಡಿನದೇ ಸಿಂಗಾರ ಅಂತ ನೀನು ಹೇಳಿದ್ದು ಗೌರಿಬಿದನೂರಿಗೆ ತಲುಪಿತು ನೋಡು, ವರನ ಅಜ್ಜಿ ಬಸ್ಸಿಳಿದು ನೇರ ನಮ್ಮ ಹಿತ್ತಲಿಗೇ ಬಂದರು. ಒಂದು ಗೂಡು ಹಿಡಿದು ಕೇಳಿದರು, "ಇದರೊಳಗಿನ ಹುಳ ಬದುಕಿದೆಯೋ, ಹೋಗಿದೆಯೋ?"

ನೂಲು ತೆಗೆಯೋಕೆ ಮುಂಚೆ ಹಬೆ ಕೊಡ್ತಾರೆ, ಒಳಗಿನದು ಸಾಯುತ್ತೆ ಅಂತ ನೀನು ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ. ಸುಳ್ಳು ಹೇಳಿದ್ರೆ ಆಗ್ತಿರಲಿಲ್ವಾ?

"ವದ್ದು ನಾಯನಾ, ವದ್ದು! ಬೇಡವೇ ಬೇಡ. ಸತ್ತ ಜೀವ ನೇತುಹಾಕಿದ ಚಪ್ಪರದಲ್ಲಿ ನನ್ನ ಮೊಮ್ಮಗ ತಾಳಿ ಕಟ್ಟಲ್ಲ. ನಾನು ಎದ್ದು ಹೋದ್ರೆ ದಿಬ್ಬಣವೂ ಎದ್ದು ಬರುತ್ತೆ."

"ಹಬೆನೇ ಕೊಡಲ್ಲ ಅಮ್ಮಾ. ಎಲ್ಲಾ ಜೀವಂತ ಗೂಡೇ ಕಟ್ತೀವಿ. ಹುಳ ಗೂಡು ಸುತ್ತೋಕೆ ಶುರುಮಾಡಿದ ಹನ್ನೊಂದು ದಿನಕ್ಕೆ ಚಿಟ್ಟೆ ತೂತು ಕೊರೆದು ಬರುತ್ತೆ. ಮುಹೂರ್ತ ಒಂಬತ್ತನೇ ದಿನ. ನನ್ನ ದಿನ ಯಾವತ್ತೂ ತಪ್ಪಿಲ್ಲ."

ಅದು ಜಂಬವಾಗಿರಲಿಲ್ಲ. ಮೇಲೂರಲ್ಲಿ ಯಾರ ಮನೆ ಹುಳ ಯಾವ ದಿನ, ಎಷ್ಟು ಹೊತ್ತಿಗೆ ಹಣ್ಣಾಗಿ ಗೂಡು ಕಟ್ಟೋಕೆ ನಿಲ್ಲುತ್ತೆ ಅಂತ ನಿನ್ನ ಕೇಳಿಕೊಂಡೇ ತಾನೇ ಜನ ಚಂದ್ರಿಕೆ ತೊಳೆಯುತ್ತಿದ್ದದ್ದು? ನಿನಗೆ ಇದ್ದ ಹೆಸರು ಅದೊಂದೇ, ಚಿಕ್ಕಪ್ಪ. ಅದನ್ನೇ ತೆಗೆದು ಆ ಅಜ್ಜಿಯ ಮುಂದೆ ಒತ್ತೆ ಇಟ್ಟೆ.

ಮದುವೆಯ ಹಿಂದಿನ ದಿನ ನೀನು ಅಡುಗೆ ಪಾತ್ರೆ ತರೋಕೆ ಶಿಡ್ಲಘಟ್ಟಕ್ಕೆ ಹೋದೆ. ನಾನು ಹಸೆಮಣೆಯ ಹಿಂದೆ ದೊಡ್ಡ ಚಂದ್ರಿಕೆ ನಿಲ್ಲಿಸಿ, ಅದರ ಮೇಲೆ ಗೂಡುಗಳಲ್ಲೇ ಗಂಡು ಹೆಣ್ಣಿನ ಹೆಸರು ಕೂರಿಸುತ್ತಿದ್ದೆ. ನಮ್ಮ ಗೂಡಿನ ಬಣ್ಣ ಮಾಸಲು ಹಸಿರು. ಎದುರುಮನೆ ಮುನಿಯಮ್ಮತ್ತೆಯ ತಟ್ಟೆಯಲ್ಲಿ ಹೊಸ ತಳಿಯ ಗೂಡು, ಚಿನ್ನದ ಗುಂಡಿನ ಹಾಗೆ ಹಳದಿ. ಕಣ್ಣು ಕೀಳೋಕೇ ಆಗಲಿಲ್ಲ. ಎರಡು ಮೊರ ನಮ್ಮದು ಕೊಟ್ಟು ಎರಡು ಮೊರ ಅವರದು ತಂದು ಹೆಸರನ್ನೆಲ್ಲ ಹಳದಿಯಲ್ಲೇ ಬರೆದೆ. ಎಷ್ಟು ಚೆಂದ ಕಂಡಿತು! ಅವರ ಹುಳ ಯಾವತ್ತು ಹಣ್ಣಾಗಿತ್ತು ಅಂತ ಕೇಳಬೇಕಿತ್ತಲ್ವಾ... ಹುಳದ ಮನೇಲಿ ಹುಟ್ಟಿದ ನನಗೆ ಅದು ಹೊಳೆಯಲಿಲ್ಲ.

ಬೆಳಗಿನ ಮುಹೂರ್ತ. ವಾಲಗ ಜೋರಾಗಿತ್ತು, ಜಯಕ್ಕ ತಲೆ ತಗ್ಗಿಸಿ ಕೂತಿದ್ದಳು. ಮೊದಲು ಭಾವನ ಹೆಸರು ಅಲುಗಾಡಿತು. 'ನಾರಾಯಣ'ದ ಮೊದಲ ಅಕ್ಷರದಿಂದ ಒದ್ದೆ ಒದ್ದೆಯಾಗಿ ಒಂದು ಬಿಳಿ ತಲೆ ಹೊರಬಂತು. ಆಮೇಲೆ ಇನ್ನೊಂದು, ಇನ್ನು ಹತ್ತು. ಮಂಗಳಸೂತ್ರ ಕೈಯಲ್ಲಿ ಹಿಡಿದ ಭಾವನ ಹೊಸ ಪಂಚೆ ಮೇಲೆ ಟಪ್ಪಂತ ಚಿಟ್ಟೆ ಬಿಟ್ಟ ಕಂದು ಹನಿ. ರೆಕ್ಕೆ ಪಟಪಟ ಬಡಿಯುತ್ತಾ ಪುರೋಹಿತರ ಪುಸ್ತಕದ ಮೇಲೊಂದು ಬಿತ್ತು. "ಇದೇಮಯ್ಯಾ ಇದಿ!" ಅಂತ ಅವರು ಮಂತ್ರದ ರಾಗದಲ್ಲೇ ಕೂಗಿದರು. ವಾಲಗ ನಿಂತೇ ಹೋಯಿತು.

ಅಜ್ಜಿ ಎದ್ದು ನಿಂತರು. ನೀನು ಚಂದ್ರಿಕೆಯ ಹತ್ತಿರ ಬಂದು ನೋಡಿದೆ. ಸುತ್ತಲಿನ ಹಸಿರು ಗೂಡು ಒಂದೂ ಒಡೆದಿರಲಿಲ್ಲ. ಹಳದಿಯವೆಲ್ಲ ತೂತು. ನಿನ್ನ ಕಣ್ಣು ಹಳದಿ ಗೂಡಿನಿಂದ ನನ್ನ ಮುಖಕ್ಕೆ ಬಂತು. ಒಂದು ಗಳಿಗೆ ಅಷ್ಟೆ. ಆಮೇಲೆ ದಿಬ್ಬಣದ ಕಡೆ ತಿರುಗಿ ಕೈ ಮುಗಿದೆ. "ಅಮ್ಮಾ, ದಿನ ಎಣಿಸೋದ್ರಲ್ಲಿ ನಾನೇ ತಪ್ಪಿದೆ."

ಅಜ್ಜಿ ತಮ್ಮ ಸೆರಗಿನ ಮೇಲೆ ಹತ್ತಿದ್ದ ಚಿಟ್ಟೆಯನ್ನ ಅಂಗೈಗೆ ತಗೊಂಡರು. "ಜೀವ ಇರೋದನ್ನ ಕಟ್ತೀನಿ ಅಂದೆ, ಸರಿ. ಇವೂ ಮದುವೆಗೆ ಬರ್ತವೆ ಅಂತ ಹೇಳಲೇ ಇಲ್ಲವಲ್ಲಪ್ಪಾ! ಊದ್ರೋ ವಾಲಗ, ನೋಡ್ತೀರೇನು?" ಚಪ್ಪರವೆಲ್ಲ ನಗುತ್ತಿದ್ದ ಹಾಗೇ ಕೊರಳಿಗೆ ತಾಳಿ ಬಿತ್ತು. ಅಷ್ಟು ನಗುತ್ತಾ ಮದುವೆಯಾದವಳು ನಮ್ಮ ತಾಲ್ಲೂಕಿನಲ್ಲಿ ಜಯಕ್ಕ ಒಬ್ಬಳೇ ಇರಬೇಕು.

ಆಮೇಲೆ ನಿನ್ನ ಪಾಡು ನಾನು ನೋಡಿದ್ದೀನಿ. "ತಿಮ್ಮಯ್ಯಣ್ಣಾ, ನಮ್ಮ ಹುಳ ಯಾವಾಗ ಹಣ್ಣಾಗುತ್ತೆ, ಊಟಕ್ಕೆ ಮುಂಚೆಯೋ ಆಮೇಲೋ?" ಅಂತ ಅರಳಿಕಟ್ಟೆಯಲ್ಲಿ ಕೂಗೋರು. ಕೇಳೋಕೆ ಬರೋರು ಕಡಿಮೆಯಾದರು. ನೀನೂ ಅವರ ಜೊತೆ ನಗುತ್ತಿದ್ದೆ. ನಾನು ಬಾಯಿ ಬಿಡಲಿಲ್ಲ. ಇವತ್ತು ಹೇಳಣ, ನಾಳೆ ಹೇಳಣ ಅಂತ... ಅಷ್ಟರಲ್ಲಿ ನೀನು ಹೋಗಿಬಿಟ್ಟೆ. ನಿನ್ನ ಬಾಯಿಂದ ಆ ಹಳದಿ ಗೂಡಿನ ಸುದ್ದಿ ಒಂದು ದಿನವೂ ಬರಲಿಲ್ಲ. ಮಾರನೆಯ ವರ್ಷ ಮುನಿಯಮ್ಮತ್ತೆಯ ಮಗಳ ಲಗ್ನಪತ್ರಿಕೆಗೆ ನೀನೇ ನನ್ನ ಹೆಸರು ಹೇಳಿದೆ. ಅವತ್ತು ಚಪ್ಪರದಲ್ಲಿ ಎಲ್ಲರ ಮುಂದೆ ನನ್ನ ಕಡೆ ಬೆರಳು ತೋರಿಸಿದ್ದರೆ ನಾನು ಮತ್ತೆ ಲೇಖನಿ ಹಿಡಿಯುತ್ತಿದ್ದೆನಾ?

ಈಗ ಸುದ್ದಿ ಕೇಳು. ಹೋದ ತಿಂಗಳು ಜಯಕ್ಕನ ಮನೆಯಲ್ಲಿ ಎಲ್ಲರೂ ಸೇರಿದ್ದೆವು. ದಿನ ತಪ್ಪಿದ ತಿಮ್ಮಯ್ಯ ತಾತನ ಕತೆ ಮತ್ತೆ ಶುರುವಾಯಿತು. ಎದ್ದು ನಿಂತು ಹೇಳಿಬಿಟ್ಟೆ. ಜಯಕ್ಕ ಕಣ್ಣೊರೆಸಿಕೊಂಡು ನಕ್ಕು, "ಎಲಾ ಕಳ್ಳಿ! ಇಷ್ಟು ವರ್ಷ ಚಿಕ್ಕಪ್ಪನ ತಲೆ ಮೇಲೆ ಹಾಕಿ ಕೂತಿದ್ಯೇನೇ? ನಮ್ಮವರ ಒಂದೊಂದು ಮನೆಗೂ ನಿನ್ನ ಕೈಯಾರೆ ಕಾಗದ ಬರಿ, ಒಂದನ್ನೂ ಬಿಡಬೇಡ" ಅಂತ ಅಪ್ಪಣೆ ಮಾಡಿದಳು.

ಬರೆದೆ ಚಿಕ್ಕಪ್ಪ. ಗೌರಿಬಿದನೂರಿಗೆ, ಕೆಂಚಾರ್ಲಹಳ್ಳಿಗೆ, ನಂದಿಗೆ, ಹದಿನೇಳು ಮನೆಗೆ. ನಮ್ಮ ತಿಮ್ಮಯ್ಯನ ದಿನ ಯಾವತ್ತೂ ತಪ್ಪಿರಲಿಲ್ಲ, ತಪ್ಪಿದ್ದು ನಾನು ಅಂತ. ಇದು ಹದಿನೆಂಟನೆಯದು.

ನಿನ್ನ
ರತ್ನಿ