ಕಿರೀಟ ತಲೆಯ ಮೇಲೇ ಇದೆ

ಭಾನುವಾರ, ಮಧ್ಯಾಹ್ನ
ಅಂಗಡಿಯ ಹಿಂದಿನ ಕೋಣೆಯಿಂದ

‘ಸತ್ತವರ ಸುದ್ದಿ’ ಪಾಡ್‌ಕಾಸ್ಟಿನ ನಿರೂಪಕಿಯವರಿಗೆ,

ಒಬ್ಬ ಕೇಳುಗನ ದೂರು. ಕೊನೆಯವರೆಗೂ ಹೀಗೇ ಗೌರವದ ಬಹುವಚನದಲ್ಲೇ ಬರೆಯಬೇಕೆಂದು ಕೂತಿದ್ದೆ, ಎರಡು ಹಾಳೆ ಹರಿದೂ ಹಾಕಿದೆ. ಹದಿನೆಂಟು ವರ್ಷ ಒಂದೇ ಟೂತ್‌ಪೇಸ್ಟಿಗಾಗಿ ಜಗಳವಾಡಿದ ಮೇಲೆ ನಿನ್ನನ್ನು ‘ತಾವು’ ಅನ್ನಲು ನಾಲಿಗೆಗೂ ಬರುವುದಿಲ್ಲ, ಪೆನ್ನಿಗೂ ಬರುವುದಿಲ್ಲ. ಆದ್ದರಿಂದ,

ಇವಳೇ,

ನಾನು ಚೆನ್ನಾಗಿದ್ದೇನೆ. ನೀನು ಚೆನ್ನಾಗಿರುವುದು ವಾರಕ್ಕೊಮ್ಮೆ ಊರಿಗೆಲ್ಲ ಗೊತ್ತಾಗುತ್ತದೆ, ಹಾಗೇ ನನಗೂ ಗೊತ್ತಾಗುತ್ತದೆ. ಮೊದಲೇ ಹೇಳಿಬಿಡುತ್ತೇನೆ, ನಿನ್ನ ಪಾಡ್‌ಕಾಸ್ಟನ್ನು ನಾನಾಗಿ ಹಾಕಿಕೊಂಡು ಕೇಳುವುದಿಲ್ಲ. ಅಂಗಡಿಗೆ ಬರುವವರು ಕೇಳುತ್ತಾರೆ. ಕಣ್ಣಿಗೆ ರೆಪ್ಪೆ ಕೊಟ್ಟ ದೇವರು ಕಿವಿಗೆ ಕೊಟ್ಟಿಲ್ಲವಲ್ಲ, ನನ್ನ ಕಿವಿಗೂ ಬೀಳುತ್ತದೆ. ಅಷ್ಟೇ.

ನನ್ನ ತಕರಾರು ಆ ಪುಟ್ಟ ಕೋಟೆಯ ರಾಜನ ಬಗ್ಗೆ. ನೀನು ಮನೆ ಬಿಟ್ಟು ನಿನ್ನ ಅಕ್ಕನ ಜಮಖಾನೆ ಅಂಗಡಿಯ ಮಹಡಿ ಸೇರಿದ ಮೇಲೆ ಶುರು ಮಾಡಿದ ಸರಣಿ ಅದು. ಇತಿಹಾಸದ ಪುಸ್ತಕಗಳಲ್ಲಿ ಆ ಬಡಪಾಯಿಗೆ ಸಿಕ್ಕಿರುವುದು ಒಂದೂವರೆ ಪುಟ ಎಂದು ನೀನೇ ಹೇಳಿದೆ. ಒಂದು ಯುದ್ಧ ಮಾಡಿದ, ಒಂದು ಕೆರೆ ಕಟ್ಟಿಸಿದ, ರಾಣಿಯ ಜೊತೆ ಮುನಿಸಿಕೊಂಡ. ಮಿಕ್ಕಿದ್ದನ್ನೆಲ್ಲ ನೀನು ಎಲ್ಲಿಂದ ತಂದೆ ಎಂದು ಊರಿಗೆ ಗೊತ್ತಿಲ್ಲ, ನನಗೆ ಚೆನ್ನಾಗಿ ಗೊತ್ತಿದೆ.

ಮೊದಲನೆಯ ಕಂತಿನಲ್ಲಿ ದರ್ಬಾರಿಗೆ ಹೊರಟ ರಾಜನಿಗೆ ಕಿರೀಟ ಕಾಣುವುದಿಲ್ಲ. ಮಂತ್ರಿ ಮಂಚದಡಿ ತೂರುತ್ತಾನೆ, ಸೇನಾಪತಿ ಕುದುರೆಲಾಯ ಜಾಲಾಡುತ್ತಾನೆ, ಊರಬಾಗಿಲು ಹಾಕಿಸಿ ಬಂದುಹೋಗುವವರ ಗಂಟುಮೂಟೆಯನ್ನೆಲ್ಲ ಬಿಚ್ಚಿಸುತ್ತಾರೆ. ಕೊನೆಗೆ ರಾಣಿ ಒಳಗಿನಿಂದಲೇ, ‘ರೀ, ಕಿರೀಟ ತಲೆ ಮೇಲೇ ಇದೆ’ ಅನ್ನುತ್ತಾಳೆ. ಆ ‘ರೀ’ ಕೇಳಿದ್ದೇ ತಡ, ನನ್ನ ಕೈ ತಾನಾಗಿ ತಲೆಗೆ ಹೋಯಿತು. ಕನ್ನಡಕ ಅಲ್ಲೇ ಇತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗಾಯಿತು ನನ್ನ ಸ್ಥಿತಿ. ಊರಿಗೆಲ್ಲ ಕನ್ನಡಕ ಮಾಡಿಕೊಡುವವನು ತನ್ನದನ್ನು ಮನೆಯೆಲ್ಲ ಹುಡುಕುತ್ತಾನೆ ಎಂದು ನೀನೊಬ್ಬಳು ನಗುತ್ತಿದ್ದದ್ದು ಸಾಲದೆ ಈಗ ಸಾವಿರಾರು ಜನ ನಗುತ್ತಿದ್ದಾರೆ.

ಎರಡನೆಯ ಕಂತಿನಲ್ಲಿ ರಾಜ ಯಾರಲ್ಲೂ ದಾರಿ ಕೇಳುವುದಿಲ್ಲ. ಸೈನ್ಯ ಒಂದೇ ಗುಡ್ಡವನ್ನು ಮೂರು ಸಲ ಸುತ್ತುತ್ತದೆ, ಅಲ್ಲಿನ ಕುರಿಗಾಹಿ ಮೂರನೆಯ ಸಲ ನಮಸ್ಕಾರ ಮಾಡುವುದನ್ನೇ ಬಿಡುತ್ತಾನೆ. ನಿನ್ನ ಗೆಳತಿಯ ಮದುವೆಗೆ ಹೋದ ದಿನದ ಸೇಡು ಅದು. ತಡವಾದರೂ ಊಟಕ್ಕೆ ಮುಂಚೆ ತಲುಪಿಸಿದ್ದೆ ಎಂಬುದನ್ನು ಮಾತ್ರ ನೀನು ಎಲ್ಲೂ ಹೇಳಲಿಲ್ಲ. ಇನ್ನೊಂದರಲ್ಲಿ ಶತ್ರುಗಳು ಕೋಟೆ ಬಾಗಿಲಿಗೆ ಬಂದಿದ್ದಾರೆ ಎಂದು ದೂತ ಓಡಿಬಂದರೆ ರಾಜ ತಲೆ ಎತ್ತದೆ, ‘ಎರಡೇ ನಿಮಿಷ, ಬಂದೆ’ ಅನ್ನುತ್ತಾನೆ. ಊಟಕ್ಕೆ ಕರೆದಾಗ ಅಂಗಡಿಯಿಂದ ನಾನು ಕೂಗುತ್ತಿದ್ದದ್ದೂ ಅದೇ ಮಾತು, ಅದೇ ರಾಗ.

ಇದೆಲ್ಲ ಕಲ್ಪನೆ ಎಂದು ನೀನು ಪ್ರತಿ ಸಲ ಗಂಟೆ ಬಾರಿಸಿ ಹೇಳುತ್ತೀಯ, ನಿಜ. ಪುಸ್ತಕದಲ್ಲಿ ಇರುವುದನ್ನು ಸುಮ್ಮನೆ ಹೇಳುವುದು, ನಗಿಸಲಿಕ್ಕೆ ನೀನೇ ಸೇರಿಸಿದ್ದಾದರೆ ‘ಟಿಣ್’. ಮ್ಯೂಸಿಯಮ್ಮಿನಲ್ಲಿ ಇಷ್ಟು ವರ್ಷ ಜನರಿಗೆ ಕತ್ತಿ-ಗುರಾಣಿ ತೋರಿಸಿದವಳ ನಿಯತ್ತು ಅದು, ಒಪ್ಪುತ್ತೇನೆ. ಆದರೆ ಆ ಗಂಟೆ ಯಾರದು? ನನ್ನ ಕೌಂಟರಿನ ಮೇಲಿದ್ದದ್ದು. ಹೋಗುವಾಗ ಬಟ್ಟೆ, ಮೈಕು, ಪುಸ್ತಕ ತೆಗೆದುಕೊಂಡೆ, ಸರಿ. ಗಂಟೆ ಯಾಕೆ? ನನ್ನ ಮರ್ಯಾದೆಯನ್ನು ನನ್ನ ಗಂಟೆಯಿಂದಲೇ ಕಳೆಯುತ್ತಿದ್ದೀಯ. ಈಗ ಗಿರಾಕಿಗಳು ಕೌಂಟರ್ ತಟ್ಟಿ ಕೂಗಬೇಕು.

ಎಲ್ಲರಿಗಿಂತ ಜೋರಾಗಿ ಕೂಗುವವರು ಶಾಲೆಯ ಬಸ್ಸಿನ ಡ್ರೈವರಮ್ಮ. ಅವರು ನಿನ್ನ ಪರಮ ಅಭಿಮಾನಿ. ಓದುವ ಕನ್ನಡಕ ಮಾಡಿಸಿಕೊಂಡರು, ಆಮೇಲೆ ವಾರ ತಪ್ಪದೆ ಅದರ ಸ್ಕ್ರೂ ಸಡಿಲವಾಯಿತೆಂದು ಬರುತ್ತಾರೆ. ಆ ಕಂಪನಿಯ ಫ್ರೇಮನ್ನು ಇನ್ನು ತರಿಸಬಾರದು. ನಾನು ಸ್ಕ್ರೂ ಬಿಗಿ ಮಾಡುವಷ್ಟು ಹೊತ್ತು ಫೋನನ್ನು ಕೌಂಟರಿನ ಮೇಲಿಟ್ಟು ನಿನ್ನ ಕಂತು ಹಾಕುತ್ತಾರೆ, ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ‘ಇಂಥ ಪೆದ್ದ ರಾಜನ್ನ ನಾನ್ ನೋಡೇ ಇಲ್ಲ. ಆ ರಾಣಿ ಹೇಗೆ ಸಹಿಸ್ಕೊಂಡ್ಲೋ’ ಅಂತ ಒಂದು ದಿನ ಅಂದರು. ನನಗೆ ತಡೆಯಲಾಗಲಿಲ್ಲ. ರಾಜನ ಮೇಲೆ ಎಷ್ಟು ಜವಾಬ್ದಾರಿ ಇರುತ್ತದೆ, ಕಿರೀಟ ಮರೆಯುವುದು ಸಹಜ, ಅವನು ಕಟ್ಟಿಸಿದ ಕೆರೆಯ ಬಗ್ಗೆ ಯಾಕೆ ಯಾರೂ ಮಾತಾಡುವುದಿಲ್ಲ ಅಂತ ವಾದಕ್ಕಿಳಿದೆ. ಅವರು ನನ್ನನ್ನೇ ನೋಡುತ್ತ, ‘ನಿಮಗ್ಯಾಕ್ರೀ ಇಷ್ಟು ಉರಿ, ನಿಮ್ಮ ನೆಂಟನಾ’ ಅಂದರು. ಸ್ಕ್ರೂ ಬಿಗಿ ಮಾಡಿಕೊಟ್ಟೆ.

ಜಗಳದ ವಿಷಯಕ್ಕೆ ಬರುತ್ತೇನೆ. ಅದನ್ನೂ ನೀನು ಪಾಡ್‌ಕಾಸ್ಟಿನಲ್ಲಿ ಹೇಳಿದ್ದೀಯ, ಆದರೆ ಅರ್ಧ ಮಾತ್ರ. ರೆಕಾರ್ಡಿಂಗ್ ಮಾಡುವಾಗ ಫ್ರಿಜ್ಜಿನ ಗುಂಯ್‌ ಸದ್ದು ಬರಬಾರದೆಂದು ಅದನ್ನು ಆಫ್ ಮಾಡುವುದು, ಮತ್ತೆ ಆನ್ ಮಾಡಲು ಮರೆಯಬಾರದೆಂದು ಅಂಗಡಿಯ ಬೀಗದ ಕೈಯನ್ನು ಫ್ರಿಜ್ಜಿನೊಳಗೆ ಇಡುವುದು, ಇದು ನಿನ್ನ ಉಪಾಯ. ಬೀಗದ ಕೈ ತೆಗೆಯಲು ಬಾಗಿಲು ತೆರೆದವರಿಗೆ ಒಳಗೆ ಕತ್ತಲೆ ಕಂಡು ನೆನಪಾಗುತ್ತದೆ ಎಂಬುದು ನಿನ್ನ ಲೆಕ್ಕ. ನಾನು ತೆರೆದೆ, ಬೀಗದ ಕೈ ತೆಗೆದುಕೊಂಡೆ, ಹೋದೆ. ಕನ್ನಡಕ ತಲೆಯ ಮೇಲಿದ್ದವನಿಗೆ ಕತ್ತಲೆಯೂ ಒಂದೇ ಬೆಳಕೂ ಒಂದೇ. ಇದು ಉಪಾಯದ ದೋಷ ಎಂದು ನಾನು ಈಗಲೂ ಹೇಳುತ್ತೇನೆ. ಆ ಶನಿವಾರ, ಭಾನುವಾರ ನಾವಿಬ್ಬರೂ ನಿನ್ನ ಅಕ್ಕನ ಮನೆಯಲ್ಲಿದ್ದು ಬಂದಾಗ ಹಾಲು, ಮೊಸರು, ನೂರನೆಯ ಕಂತಿಗೆಂದು ನೀನು ತಂದಿಟ್ಟಿದ್ದ ಕೇಕು, ಎಲ್ಲ ಹಾಳಾಗಿತ್ತು. ಸತ್ತವರ ಚಿಂತೆ ಬಿಟ್ಟು ಬದುಕಿದವರ ಕಡೆ ನೋಡು, ಸತ್ತವರು ಹಾಲು ಕುಡಿಯುವುದಿಲ್ಲ ಎಂದು ನಾನು ಅಂದೆ. ಸತ್ತವರು ಮಧ್ಯೆ ಬಾಯಿ ಹಾಕುವುದೂ ಇಲ್ಲ ಎಂದು ನೀನು ಅಂದೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಅವತ್ತು ಮನೆಯಲ್ಲಿ ಉಣ್ಣಲು ಏನೂ ಉಳಿದಿರಲಿಲ್ಲ, ಹಾಗಾಗಿ ಜಗಳವೂ ಮುಗಿಯಲಿಲ್ಲ.

ನಾನು ಬರಲೇ ಇಲ್ಲ ಎಂದು ತಿಳಿದಿದ್ದೀಯೇನೋ. ಬಂದಿದ್ದೆ. ನಿನ್ನ ಅಕ್ಕ ಹೇಳಿರಲಿಕ್ಕಿಲ್ಲ, ಹೇಳಬೇಡಿ ಎಂದು ಕೇಳಿಕೊಂಡಿದ್ದೆ. ಮೊದಲ ಸಲ ಹೋದಾಗ ಅವರು ತುಟಿಯ ಮೇಲೆ ಬೆರಳಿಟ್ಟು, ಮೇಲೆ ರೆಕಾರ್ಡಿಂಗ್ ನಡೀತಿದೆ, ಸದ್ದು ಮಾಡಬೇಡಿ ಎಂದರು. ಜಮಖಾನೆಯ ಸುರುಳಿಗಳ ನಡುವೆ ಬೆಕ್ಕಿನ ಹಾಗೆ ನಿಂತೆ. ನಿನ್ನ ದನಿ ಮೆಟ್ಟಿಲಿಳಿದು ಬರುತ್ತಿತ್ತು, ಮಾತು ಸ್ಪಷ್ಟವಿರಲಿಲ್ಲ, ನಡುನಡುವೆ ನನ್ನ ಗಂಟೆ ಮಾತ್ರ ಕೇಳಿಸುತ್ತಿತ್ತು. ಏನು ಬೇಕು ಎಂದು ಅವರು ಪಿಸುಗುಟ್ಟಿ ಕೇಳಿದರು. ನನ್ನ ಹೆಂಡತಿ ಬೇಕು ಎಂದು ಹೇಳಲು ಬಾಯಿ ಬರದೆ ಒಂದು ಕಾಲೊರಸು ಕೊಂಡುಕೊಂಡು ಬಂದೆ. ಆಮೇಲೆ ಹೋದಾಗಲೆಲ್ಲ ಅದೇ ಕಥೆ. ಮನೆಯ ಎಲ್ಲ ಬಾಗಿಲಿಗೂ ಕಾಲೊರಸಾಯಿತು, ಬಚ್ಚಲಿಗೂ ಆಯಿತು. ಬಾಗಿಲುಗಳು ಮುಗಿದವು, ನನ್ನ ಧೈರ್ಯ ಮಾತ್ರ ಬರಲಿಲ್ಲ.

ಈಗ ಹೋದ ವಾರದ ಕಂತು. ಡ್ರೈವರಮ್ಮ ಎಂದಿನಂತೆ ಫೋನು ಇಟ್ಟರು. ರಾಜ ಮಂತ್ರಾಲೋಚನೆಯಲ್ಲಿ ಗೊರಕೆ ಹೊಡೆದ, ಟಿಣ್. ಶತ್ರುವಿನ ದೂತ ಆ ಸದ್ದಿಗೆ ಹುಲಿ ಸಾಕಿದ್ದಾರೆಂದು ಹೆದರಿ ಓಡಿದ, ಟಿಣ್. ಆಮೇಲೆ ನಿನ್ನ ದನಿ ಸ್ವಲ್ಪ ಇಳಿಯಿತು. ರಾಣಿಗೆ ದೂರದ್ದು ಕಾಣುತ್ತಿರಲಿಲ್ಲ, ರಾಜ ಅವಳಿಗಾಗಿ ಹರಳು ಉಜ್ಜಿಸಿ ಕಣ್ಣಿಗೆ ಹಿಡಿದ ಎಂದೆ. ಎಲ್ಲರೂ ಅಂಥ ಹೊತ್ತಿನಲ್ಲಿ ಕನ್ನಡಿ ತಂದು ಮುಖ ತೋರಿಸುತ್ತಾರೆ, ಇವನು ಮಾತ್ರ ಅವಳನ್ನು ಕಿಟಕಿಯ ಹತ್ತಿರ ಕರೆದುಕೊಂಡು ಹೋಗಿ ಮರ ತೋರಿಸಿದ ಎಂದೆ. ಅಲ್ಲಿಯವರೆಗೆ ಒಂದು ಹಸಿರು ಮುದ್ದೆಯಾಗಿದ್ದ ಮರದಲ್ಲಿ ಅವಳು ಮೊದಲ ಸಲ ಒಂದೊಂದೇ ಎಲೆ ಕಂಡಳು ಎಂದೆ.

ಗಂಟೆ ಬಾರಿಸಲಿಲ್ಲ.

ನಾನು ಕಾದೆ. ಸ್ಕ್ರೂಡ್ರೈವರ್ ಕೈಯಲ್ಲೇ ಇತ್ತು. ಆ ಕಾಲಕ್ಕೆ ಕನ್ನಡಕ ಹುಟ್ಟಿಯೇ ಇರಲಿಲ್ಲ, ಅಷ್ಟು ನನಗೂ ಗೊತ್ತು, ನನ್ನ ಕಸುಬು ಅದು. ಒಂದು ಇಸವಿಗಾಗಿ ಮೂರು ಪುಸ್ತಕ ತಿರುವಿ ಹಾಕುವವಳು ನೀನು. ಆ ಗಂಟೆಯನ್ನು ನೀನು ಮರೆಯುವವಳಲ್ಲ. ಹಾಗಾದರೆ ಅದು ಕಟ್ಟಿದ ಕಥೆಯಲ್ಲ, ನಡೆದದ್ದು. ಇದೇ ಅಂಗಡಿಯಲ್ಲಿ, ನೀನು ಮೊದಲ ಸಲ ಕನ್ನಡಕಕ್ಕೆ ಬಂದ ದಿನ, ಇದೇ ಕಿಟಕಿಯ ಹತ್ತಿರ. ಅವತ್ತು ನೀನು ಏನೂ ಹೇಳದೆ ದುಡ್ಡು ಕೊಟ್ಟು ಹೋಗಿದ್ದೆ. ನಿನಗೆ ಅದು ನೆನಪಿದೆ ಎಂದು ನನಗೆ ಇಷ್ಟು ವರ್ಷ ಗೊತ್ತಿರಲಿಲ್ಲ. ಕಣ್ಣು ತುಂಬಿ ಬಂತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಡ್ರೈವರಮ್ಮನಿಗೆ ಲೆನ್ಸಿನ ಧೂಳು ಎಂದೆ.

ಕಂತಿನ ಕೊನೆಗೆ ನೀನು ಕೇಳುಗರ ಮುಂದೆ ಒಂದು ಪ್ರಶ್ನೆ ಇಟ್ಟೆ. ರಾಣಿ ಮುನಿಸಿಕೊಂಡು ತವರಿಗೆ ಹೋದಮೇಲೆ ಏನಾಯಿತು ಎಂಬುದಕ್ಕೆ ಎರಡು ಪುಸ್ತಕ ಎರಡು ಮಾತು ಹೇಳುತ್ತವಂತೆ. ರಾಜ ಕಾಗದ ಕಳಿಸಿದ, ರಾಣಿ ಮರಳಿ ಬಂದಳು ಎಂದು ಒಂದು. ಬಿಗುಮಾನದಿಂದ ಕಳಿಸಲೇ ಇಲ್ಲ, ಉದ್ದನೆಯ ಊಟದ ಮನೆಯಲ್ಲಿ ಕೊನೆಯವರೆಗೂ ಒಬ್ಬನೇ ಉಂಡ ಎಂದು ಇನ್ನೊಂದು. ಮಂಗಳವಾರ ಮುಂದಿನ ಕಂತು, ಅದರಲ್ಲಿ ತೀರ್ಮಾನ ಎಂದೆ. ‘ಎಲ್ಲಿ ಬರೀತಾನೆ ಆ ಜಂಭದ ಕೋಳಿ’ ಎಂದು ಡ್ರೈವರಮ್ಮ ಆಗಲೇ ತೀರ್ಪು ಕೊಟ್ಟಾಗಿದೆ.

ಅವರ ತೀರ್ಪು ತಪ್ಪು. ರಾಜ ಬರೆದ. ಇದೇ ಆ ಕಾಗದ. ಮಂಗಳವಾರ ಮೊದಲನೆಯ ಪುಸ್ತಕವನ್ನೇ ಓದು. ಫೋನು ಮಾಡಬಹುದಿತ್ತು, ಆದರೆ ಫೋನಿನಲ್ಲಿ ನನಗೆ ‘ಹೂಂ’ ಬಿಟ್ಟು ಬೇರೇನೂ ಬರುವುದಿಲ್ಲ ಎಂದು ನಿನಗೇ ಗೊತ್ತು.

ಇನ್ನೊಂದು ಮಾತು. ಲೆನ್ಸ್ ಉಜ್ಜುವ ಮಷೀನನ್ನು ಅಂಗಡಿಯ ಮುಂಭಾಗಕ್ಕೆ ಸರಿಸಿದ್ದೇನೆ. ನಿನ್ನ ರೆಕಾರ್ಡಿಂಗಿಗೆಂದು ಹಿಂದಿನ ಕೋಣೆಯ ಗೋಡೆಗಳಿಗೆ ಆ ಕಾಲೊರಸುಗಳನ್ನೆಲ್ಲ ಮೊಳೆ ಹೊಡೆದು ಹಾಕಿದ್ದೇನೆ, ಸಾಲದ್ದಕ್ಕೆ ಮತ್ತಷ್ಟು ತಂದಿದ್ದೇನೆ. ನಿನ್ನ ಅಕ್ಕನ ಅಂಗಡಿಗೆ ಈ ವರ್ಷ ನನಗಿಂತ ಒಳ್ಳೆಯ ಗಿರಾಕಿ ಇಲ್ಲ. ಎಲ್ಲದರ ಮೇಲೂ ‘ಸುಸ್ವಾಗತ’ ಎಂದು ಬರೆದಿದೆ, ಕೆಲವು ತಲೆಕೆಳಗಾಗಿವೆ. ನೋಡಲು ಹುಚ್ಚರ ಮನೆಯ ಹಾಗಿದೆ, ಆದರೆ ಒಳಗೆ ನಿಂತು ಮಾತಾಡಿದರೆ ದನಿ ಹತ್ತಿ ಸುತ್ತಿದ ಹಾಗೆ ಮೆತ್ತಗೆ ಕೇಳುತ್ತದೆ. ಬಂದು ನೋಡು. ಬೇಡ, ನೋಡುವುದಕ್ಕಲ್ಲ, ಇರುವುದಕ್ಕೆ ಬಾ.

ಒಬ್ಬನೇ ಉಣ್ಣುತ್ತಿರುವ,
ಪುಟ್ಟ ಕೋಟೆಯ ರಾಜ

ಸೇರಿಸಲೇಬೇಕಾದ ಮಾತು: ಮೇಲಿನದನ್ನು ಬರೆದು ಮುಗಿಸಿ, ಕೋಣೆ ಎಷ್ಟು ನಿಶ್ಶಬ್ದವಾಗಿದೆ ನೋಡೋಣವೆಂದು ಫ್ರಿಜ್ ಆಫ್ ಮಾಡಿದೆ. ಅಷ್ಟರಲ್ಲಿ, ಹೋದ ವಾರ ನನ್ನ ಹತ್ತಿರ ಬಿಟ್ಟುಹೋಗಿದ್ದ ಕನ್ನಡಕಕ್ಕೆಂದು ಡ್ರೈವರಮ್ಮ ಬಂದು ಶಟರ್ ತಟ್ಟಿದರು. ಜಮಖಾನೆ ಅಂಗಡಿಯ ಮುಂದೆಯೇ ಹಾದುಹೋಗುತ್ತೇನೆ ಎಂದಿದ್ದರು, ಕಾಗದವನ್ನು ಅವರ ಕೈಯಲ್ಲೇ ಕಳಿಸುವುದು ನನ್ನ ಯೋಚನೆ. ಓದುವ ಕನ್ನಡಕ ಇನ್ನೂ ನನ್ನ ಹತ್ತಿರವೇ ಇರುವುದರಿಂದ ಇದನ್ನು ಓದುತ್ತಾರೆಂಬ ಭಯವೂ ಇರಲಿಲ್ಲ. ಆದರೆ ಬೀಗದ ಕೈ ಕಾಣಲಿಲ್ಲ. ಮನೆಯೆಲ್ಲ ಹುಡುಕಿದೆ. ಕೊನೆಗೆ ಅವರೇ ಹೊರಗಿನಿಂದ, ‘ರಾಜರೇ, ಫ್ರಿಜ್ಜಲ್ಲಿ ನೋಡಿ’ ಎಂದು ಕೂಗಿದರು. ಅಲ್ಲೇ ಇತ್ತು, ನನ್ನ ಕೈ ನಿನ್ನ ಉಪಾಯವನ್ನು ತಾನಾಗಿಯೇ ಪಾಲಿಸಿತ್ತು.

ನಿನ್ನ ಅಕ್ಕನ ಮಗಳು ದಿನಾ ಹೋಗುವುದು ಅವರ ಬಸ್ಸಿನಲ್ಲೇ ಎಂದು ನನಗೆ ಈಗ ಗೊತ್ತಾಯಿತು. ನನಗೆ ನಿನ್ನ ಕಂತು ಕೇಳಿಸಲೆಂದು ಸ್ಕ್ರೂವನ್ನು ವಾರವಾರವೂ ಅವರೇ ಸಡಿಲ ಮಾಡಿಕೊಂಡು ಬರುತ್ತಿದ್ದರಂತೆ. ಕಾಗದ ತೋರಿಸಿದ ಮೇಲೆ ಅವರು ಚೀಲದಿಂದ ನನ್ನ ಗಂಟೆ ತೆಗೆದು ಕೌಂಟರಿನ ಮೇಲಿಟ್ಟರು. ‘ಕಾಗದ ಬರೆದಿದ್ರೆ ಮಾತ್ರ ಕೊಡಿ ಅಂತ ಮೇಡಂ ನಿನ್ನೆ ಕೊಟ್ಟರು’ ಎಂದರು.

ಅವರು ಹೊರಗೆ ಕಾಯುತ್ತಿದ್ದಾರೆ, ಬೇಗ ಮುಗಿಸುತ್ತೇನೆ. ಗಂಟೆ ಕೈಗೆ ಬಂದಮೇಲೆ ಕಾಗದವನ್ನು ಮೊದಲಿನಿಂದ ಓದಿದೆ, ನಿನ್ನ ನಿಯಮದಂತೆ. ಪಾಡ್‌ಕಾಸ್ಟನ್ನು ನಾನಾಗಿ ಹಾಕಿಕೊಂಡು ಕೇಳುವುದಿಲ್ಲ ಎಂದು ಬರೆದಿದ್ದೇನಲ್ಲ, ಅಲ್ಲಿ ಒಂದು ಸಲ ಬಾರಿಸಿದೆ. ಬೇರೆಲ್ಲೂ ಬೇಕಾಗಲಿಲ್ಲ.