ಹಿಂದಿನಿಂದ ಕೂಗುವವಳು

ಅಕ್ಟೋಬರ್ 18, 1999. ಬೆಳಿಗ್ಗೆ 8
ಪ್ರಾಕ್ಟೀಸ್ ಮುಗಿಸಿ ಈಗಷ್ಟೇ ಜಯನಗರದಿಂದ ಸಾರಕ್ಕಿಯ ಮನೆಗೆ ಬಂದೆ. ಮೊಣಕಾಲು ತರಚಿದೆ. ಇವತ್ತೂ ಒಂದು ಬಾಸ್ಕೆಟ್ ಹಾಕಲಿಲ್ಲ. ಈ ಕುಳ್ಳಿಗೆ ಟೀಮಿನಲ್ಲಿ ಜಾಗ ಸಿಕ್ಕಿರುವುದು ಗಂಟಲಿನಿಂದ. ಎದುರಾಳಿಯನ್ನು ಬೆನ್ನಟ್ಟಿ ಓಡುವಾಗ ಅವರ ಇನ್ನೊಬ್ಬಳು ಬಂದು ದಾರಿಗೆ ಅಡ್ಡ ನಿಲ್ಲುತ್ತಾಳೆ — ಸ್ಕ್ರೀನ್. ಓಡುವವಳಿಗೆ ಅದು ಕಾಣುವುದಿಲ್ಲ. ಹಿಂದಿರುವವರು ಕೂಗಿ ಹೇಳಬೇಕು. ನಮ್ಮಲ್ಲಿ ಕೂಗುವವಳು ನಾನೊಬ್ಬಳೇ. ಕೋಚ್ ಶಾಂತವೀರಪ್ಪ ಸಾರ್ ಹೇಳಿದರು: "ಡಿಫೆನ್ಸ್ ಅಂದ್ರೆ ಅರ್ಧ ಕಾಲು, ಅರ್ಧ ಬಾಯಿ ಕಣಮ್ಮ."

ನವೆಂಬರ್ 2
ಇಪ್ಪತ್ತೊಂದಕ್ಕೆ ಜೂನಿಯರ್ ಟೂರ್ನಿಯ ಫೈನಲ್. ಸ್ಟೇಟ್ ಕ್ಯಾಂಪ್‌ಗೆ ಆರಿಸುವವರು ನೋಡಲು ಬರುತ್ತಾರಂತೆ. ಮುಂದಿನ ವರ್ಷ ನನಗೆ ಜೂನಿಯರ್ ವಯಸ್ಸು ಮೀರುತ್ತದೆ. ಈ ಸಲ ಆಗದಿದ್ದರೆ ಇನ್ನಿಲ್ಲ.
ಶ್ವೇತಾ ಮೇಲೆ ರೇಗಿದೆ. ಬಾಗಲಕೋಟೆಯವಳು, ಇಲ್ಲಿ ಬಿಟಿಎಂ ಲೇಔಟ್‌ನಲ್ಲಿ ಅಕ್ಕನ ಜೊತೆ ಇದ್ದಾಳೆ. ಟೀಮಿಗೆಲ್ಲ ಎತ್ತರ, ಬಾಯಿ ಮಾತ್ರ ಬಿಡುವುದಿಲ್ಲ.
"ಕೂಗೇ ಮಾರಾಯ್ತಿ. ನನ್ ಬೆನ್ನಲ್ಲಿ ಕಣ್ಣಿದ್ಯಾ?"
"ನಿನ್ನಂಗ ಒದರಾಕ ನನಗ ನಾಚ್ಕಿ ಬರ್ತದ."
ಎಲ್ಲರೂ ನಕ್ಕರು. ನಾನು ನಗಲಿಲ್ಲ.

ನವೆಂಬರ್ 20. ಸಂಜೆ
ಕೆಟ್ಟ ದಿನ. ನೀರಿನ ಟ್ಯಾಂಕರ್‌ನವನು ನಮ್ಮ ಮನೆ ಸಂಪು ಅರ್ಧ ತುಂಬಿಸಿ ಪೈಪ್ ಸುತ್ತಿಕೊಂಡ. ಅಪ್ಪ ಇರಲಿಲ್ಲ. ನಮ್ಮ ಬಾಡಿಗೆಯವರು ಬಿಂದಿಗೆ ಹಿಡಿದು ಸುಮ್ಮನೆ ನಿಂತಿದ್ದರು. ನಾನು ಕಿರುಚಾಡಿ ಜಗಳಕ್ಕೆ ಬಿದ್ದೆ, ಪೂರ್ತಿ ತುಂಬಿಸಿಕೊಂಡೇ ಬಿಟ್ಟೆ. ಮೊದಲೇ ನೆಗಡಿ... ಈಗ ಗಂಟಲು ಕಟ್ಟಿದೆ. ನಮ್ಮ ಸೊಣ್ಣಮ್ಮಜ್ಜಿ ಮೆಣಸಿನ ಕಷಾಯ ಕೊಟ್ಟು, "ಸಂಪು ತುಂಬ್ತು, ಗಂಟ್ಲು ಖಾಲಿಯಾಯ್ತು" ಎಂದು ನಗುತ್ತಿದ್ದಾಳೆ. ನನಗೆ ಅಳು ಬರುತ್ತಿದೆ.

ನವೆಂಬರ್ 21. ಬೆಳಿಗ್ಗೆ 6.30
ದನಿ ಇಲ್ಲ. ಬರೀ ಗಾಳಿ. ಬಾಯಿಯೇ ಇಲ್ಲದ ಮೇಲೆ ನಾನು ಯಾಕೆ ಬೇಕು ಅವರಿಗೆ? ಭಯವಾಗುತ್ತಿದೆ.

ಅದೇ ದಿನ. ಸಂಜೆ
ಸಾರ್‌ಗೆ ಸನ್ನೆಯಲ್ಲಿ ಹೇಳಿದೆ. ಹಣೆ ಒತ್ತಿಕೊಂಡರು. "ಕಾಲಿದೆಯಲ್ಲ. ಹೋಗು." ಎದುರು ಟೀಮಿನಲ್ಲಿ ಅತಿ ಹೆಚ್ಚು ಸ್ಕೋರ್ ಮಾಡುವವಳನ್ನು ತಡೆದು ಹಿಡಿಯಲು ಬಿಟ್ಟರು — ಉಮಾಮಹೇಶ್ವರಿ, ಏಳನೇ ನಂಬರ್.
ಫಸ್ಟ್ ಹಾಫ್ ಹಾಳು. ಅವಳನ್ನು ಅಟ್ಟಿಸಿಕೊಂಡು ಹೋದಾಗಲೆಲ್ಲ ಸ್ಕ್ರೀನ್‌ಗೆ ಡಿಕ್ಕಿ. ಅವಳು ಹಾಕುತ್ತಲೇ ಹೋದಳು. ಒಂದು ಸಲ ಅಂತೂ ಅಂಗಾತ ಬಿದ್ದೆ.
ಏಳುವಾಗ ಶ್ವೇತಾ ಮುಖ ನೋಡಿದೆ. ಕೆಂಪಾಗಿತ್ತು.
ಸೆಕೆಂಡ್ ಹಾಫ್ ಶುರುವಾಗುತ್ತಲೇ ಹಿಂದಿನಿಂದ ಅವಳ ದನಿ — "ಚೈತನ್ಯಾ, ಎಡಕ್ಕ! ಎಡಕ್ಕ ನಿಂತಾಳ ನೋಡ!"
ಎಡಕ್ಕೆ ನೋಡಲೂ ಇಲ್ಲ. ನಂಬಿದೆ, ಬಲಕ್ಕೆ ಸುತ್ತಿ ಓಡಿದೆ. ಏಳನೇ ನಂಬರ್ ಚೆಂಡು ಹಿಡಿಯುವಷ್ಟರಲ್ಲಿ ಅವಳ ಮುಂದಿದ್ದೆ. ಆಮೇಲೆ ಎಲ್ಲರೂ ಶುರು ಮಾಡಿದರು. ಐದು ಜನರಲ್ಲಿ ಸುಮ್ಮನಿದ್ದವಳು ನಾನೊಬ್ಬಳೇ. ಏಳನೇ ನಂಬರ್ ಸಿಕ್ಕಸಿಕ್ಕಲ್ಲಿಂದ ಎಸೆಯತೊಡಗಿದಳು, ಯಾವುದೂ ಬೀಳಲಿಲ್ಲ.
ಗೆದ್ದೆವು. ನನ್ನ ಪಾಯಿಂಟ್ ಸೊನ್ನೆ. ಸೊನ್ನೆ ಹಾಕಿದವಳನ್ನು ಯಾರು ಆರಿಸುತ್ತಾರೆ?

ನವೆಂಬರ್ 27
ಸಾರ್ ಫೋನ್ ಮಾಡಿದ್ದರು. ಕ್ಯಾಂಪ್‌ಗೆ ಶ್ವೇತಾ ಹೆಸರು ಬಂದಿದೆ. ನನ್ನದೂ.
ನನ್ನ ಸೊನ್ನೆ ಬಗ್ಗೆ ಆರಿಸುವವರಲ್ಲಿ ಒಬ್ಬರು ಕೇಳಿದರಂತೆ. ಸಾರ್ ಅಂದರಂತೆ: "ಇವ್ಳು ಹಿಡಿದಿದ್ದ ಹುಡ್ಗಿ ಸೆಕೆಂಡ್ ಹಾಫ್‌ನಲ್ಲಿ ಎಷ್ಟು ಹಾಕಿದ್ಲು, ಅದನ್ನ ನೋಡಿ ಸಾರ್. ಇನ್ನೊಂದು, ಆ ನಾಲ್ಕು ಜನಕ್ಕೆ ಬಾಯಿ ಬರ್ಸಿದ್ದೂ ಇವ್ಳೇ."
ಅಮ್ಮ ಮೆಟ್ಟಿಲಲ್ಲಿ ನಿಂತು ಬಾಡಿಗೆಯವರಿಗೆ ಹೇಳುತ್ತಿದ್ದಾಳೆ, "ನಮ್ ಹುಡ್ಗಿ ತಾನೂ ಹಾಕಲ್ಲ, ಇನ್ನೊಬ್ರಿಗೂ ಹಾಕಕ್ಕೆ ಬಿಡಲ್ಲ. ಅದಕ್ಕೇ ಸೆಲೆಕ್ಟ್ ಮಾಡವ್ರೆ."
ಖುಷಿ ತಡೆಯಲಾಗುತ್ತಿಲ್ಲ. ಕೆಳಗೆ ಶ್ವೇತಾ ಬಂದಿದ್ದಾಳೆ. ರಸ್ತೆಯಿಂದಲೇ ಒದರುತ್ತಿದ್ದಾಳೆ, ಈಗಲೇ ಇಳಿಯದಿದ್ದರೆ ಇಡೀ ಸಾರಕ್ಕಿಗೆ ಕೇಳುವ ಹಾಗೆ ಕೂಗುತ್ತಾಳಂತೆ.